ಧ್ಯಾನ ಮತ್ತು ಆತ್ಮವಿಚಾರ

ಧ್ಯಾನ ಮತ್ತು ಆತ್ಮವಿಚಾರ ಇವು ಭಾರತೀಯ ಅಧ್ಯಾತ್ಮ ಪರಂಪರೆಗಳಲ್ಲಿ ಆತ್ಮಜ್ಞಾನಕ್ಕೆ ಸಾಧನಗಳೆಂದು ಹೇಳಲಾಗಿರುವ ಎರಡು ಮಾರ್ಗಗಳು. ಧ್ಯಾನವೆಂದರೆ ಮನಸ್ಸನ್ನು ಒಂದೇ ವಿಷಯದಲ್ಲಿ ಎಡೆಬಿಡದೆ ನಿಲ್ಲಿಸುವುದು. ಆತ್ಮವಿಚಾರವೆಂದರೆ 'ನಾನು' ಎಂಬ ಮಾತಿಗೆ ನಿಜವಾದ ಅರ್ಥ ಯಾವುದೆಂಬುದನ್ನು ತನ್ನ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಪರೀಕ್ಷಿಸುವುದು. ಜನಬಳಕೆಯಲ್ಲಿ ಇವೆರಡನ್ನೂ ಒಂದೇ ಎಂಬಂತೆ ಹೇಳುವುದುಂಟು. ಆದರೆ ಇವೆರಡರ ನಡುವೆ ಸ್ಪಷ್ಟವಾದ ಭೇದವಿದೆಯೆಂಬುದು ಶಾಂಕರವೇದಾಂತದ ಮುಖ್ಯ ಪ್ರತಿಪಾದನೆಗಳಲ್ಲೊಂದು. ಇಪ್ಪತ್ತನೆಯ ಶತಮಾನದಲ್ಲಿ ಈ ಭೇದವನ್ನು ಕನ್ನಡದಲ್ಲಿ ಅತ್ಯಂತ ವಿಸ್ತಾರವಾಗಿ ಚರ್ಚಿಸಿದವರು ಹಾಸನ ಜಿಲ್ಲೆಯ ಹೊಳೆನರಸೀಪುರದಲ್ಲಿ ನೆಲೆಸಿದ್ದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು.

ಪದಗಳ ಅರ್ಥ

'ಧ್ಯಾನ' ಎಂಬುದು 'ಚಿಂತಿಸು' ಎಂಬ ಅರ್ಥದ 'ಧ್ಯೈ' ಧಾತುವಿನಿಂದ ಬಂದ ಶಬ್ದ. ಕನ್ನಡದ ಆಡುಮಾತಿನಲ್ಲಿ 'ನಿನ್ನ ಧ್ಯಾನ ಎಲ್ಲಿದೆ?' ಎಂದು ಕೇಳುವಾಗಲೂ ಗಮನವೆಂಬ ಈ ಮೂಲಾರ್ಥವೇ ಉಳಿದಿದೆ. 'ವಿಚಾರ' ಶಬ್ದಕ್ಕೆ ಕನ್ನಡದಲ್ಲಿ ಸಂಗತಿ, ಸುದ್ದಿ, ಆಲೋಚನೆ ಎಂಬ ಅರ್ಥಗಳೂ ಇವೆ. ಶಾಸ್ತ್ರದಲ್ಲಿ ಮಾತ್ರ ಅದಕ್ಕೆ ವಿಮರ್ಶೆಯಿಂದ ನಿರ್ಣಯಕ್ಕೆ ಬರುವುದು ಎಂಬ ನಿಯತವಾದ ಅರ್ಥ. ಆದುದರಿಂದ ಸುಮ್ಮನೆ ತನ್ನ ಬಗ್ಗೆ ಯೋಚಿಸುತ್ತ ಕುಳಿತುಕೊಳ್ಳುವುದು, ತನ್ನ ಗುಣದೋಷಗಳನ್ನು ಎಣಿಸುವುದು ಆತ್ಮವಿಚಾರವಲ್ಲ. ಅದನ್ನು ಆತ್ಮಾವಲೋಕನ ಅಥವಾ ಆತ್ಮಪರೀಕ್ಷೆ ಎನ್ನಬಹುದು. ಅದು ನಡತೆಯನ್ನು ತಿದ್ದಿಕೊಳ್ಳಲು ನೆರವಾಗುತ್ತದೆ. ಆದರೆ ಗುಣದೋಷಗಳು ಯಾರಿಗೆ ಸೇರಿದವು ಎಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ.

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ತನ್ನ ಪತ್ನಿ ಮೈತ್ರೇಯಿಗೆ, ಆತ್ಮನನ್ನು ಕಾಣಬೇಕು, ಅದಕ್ಕಾಗಿ ಕೇಳಬೇಕು, ಮನನಮಾಡಬೇಕು, ನಿದಿಧ್ಯಾಸನ ಮಾಡಬೇಕು ಎಂದು ಉಪದೇಶಿಸುತ್ತಾನೆ. ಶ್ರವಣ, ಮನನ, ನಿದಿಧ್ಯಾಸನ ಎಂಬ ಪ್ರಸಿದ್ಧವಾದ ಮೂರು ಸಾಧನಗಳಿಗೆ ಇದೇ ಮೂಲ. ಈ ಪೈಕಿ ಮೂರನೆಯದು ಯಾವುದು, ಅದು ಧ್ಯಾನವೇ ಅಥವಾ ಬೇರೆಯೇ, ಎಂಬುದರ ಮೇಲೆ ವೇದಾಂತಿಗಳಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿದ ಚರ್ಚೆ ನಡೆದಿದೆ.

ಶಾಂಕರಭಾಷ್ಯದಲ್ಲಿ ಧ್ಯಾನವೂ ಜ್ಞಾನವೂ

ಶಂಕರಾಚಾರ್ಯರು ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ ಭಾಷ್ಯದಲ್ಲಿ ಧ್ಯಾನಕ್ಕೂ ಜ್ಞಾನಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಿದ್ದಾರೆ. ಧ್ಯಾನವು ಮನಸ್ಸಿನ ವ್ಯಾಪಾರವಾದರೂ ಅದು ಒಂದು ಕ್ರಿಯೆ. ಮಾಡುವವನು ಅದನ್ನು ಮಾಡಬಹುದು, ಬಿಡಬಹುದು, ಬೇರೊಂದು ರೀತಿಯಿಂದಲೂ ಮಾಡಬಹುದು. ಹೀಗೆ ಅದು ಪುರುಷನ ಅಧೀನ. ಜ್ಞಾನವಾದರೋ ವಸ್ತುವಿನ ಅಧೀನ. ಕಣ್ಣುಬಿಟ್ಟು ಬೆಳಕಿನಲ್ಲಿ ನೋಡಿದವನಿಗೆ ಕಂಬವು ಕಂಬವಾಗಿಯೇ ತೋರುತ್ತದೆ. ಅದನ್ನು ಕಳ್ಳನೆಂದು ತಿಳಿಯುವ ಸ್ವಾತಂತ್ರ್ಯ ಅವನಿಗಿಲ್ಲ. ಛಾಂದೋಗ್ಯದ ಪಂಚಾಗ್ನಿವಿದ್ಯೆಯಲ್ಲಿ ಪುರುಷನನ್ನು ಅಗ್ನಿಯೆಂದು ಭಾವಿಸಬೇಕೆಂದು ಹೇಳಿದೆ. ಪುರುಷನು ಬೆಂಕಿಯಲ್ಲವೆಂಬುದು ಎಲ್ಲರಿಗೂ ಗೊತ್ತು. ಆದರೂ ವಿಧಿಯಿರುವುದರಿಂದ ಹಾಗೆ ಭಾವಿಸಬಹುದು. ಒಲೆಯಲ್ಲಿ ಉರಿಯುತ್ತಿರುವುದನ್ನು ಬೆಂಕಿಯೆಂದು ತಿಳಿಯುವುದಕ್ಕೆ ಮಾತ್ರ ಯಾವ ವಿಧಿಯೂ ಬೇಡ, ಭಾವನೆಯೂ ಬೇಡ. ಮೊದಲನೆಯದು ಧ್ಯಾನ, ಎರಡನೆಯದು ಜ್ಞಾನ.

ಇಷ್ಟರಿಂದ ಆಚಾರ್ಯರು ಧ್ಯಾನವನ್ನು ಕಡೆಗಣಿಸಿದರೆಂದು ತಿಳಿಯಬಾರದು. ಗೀತಾಭಾಷ್ಯದ ಹನ್ನೆರಡನೆಯ ಅಧ್ಯಾಯದಲ್ಲಿ ಅವರು ಉಪಾಸನೆಯ ಲಕ್ಷಣವನ್ನು ಹೇಳುತ್ತ, ಉಪಾಸ್ಯವಸ್ತುವನ್ನು ಶಾಸ್ತ್ರದಲ್ಲಿ ಹೇಳಿದಂತೆ ವಿಷಯಮಾಡಿಕೊಂಡು ಎಣ್ಣೆಯ ಧಾರೆಯಂತೆ ಕಡಿಯದ ವೃತ್ತಿಪ್ರವಾಹದಲ್ಲಿ ಬಹುಕಾಲ ನಿಲ್ಲುವುದೇ ಉಪಾಸನೆ ಎಂದಿದ್ದಾರೆ. ನೀರು ಹನಿಹನಿಯಾಗಿ ತುಂಡಾಗಿ ಬೀಳುತ್ತದೆ, ಎಣ್ಣೆ ತುಂಡಾಗದೆ ಇಳಿಯುತ್ತದೆ ಎಂಬುದನ್ನು ನೆನೆದರೆ ಹೋಲಿಕೆಯ ಸ್ವಾರಸ್ಯ ತಿಳಿಯುತ್ತದೆ. ಇಂತಹ ಉಪಾಸನೆಯಿಂದ ಚಿತ್ತಕ್ಕೆ ಶುದ್ಧಿ, ಏಕಾಗ್ರತೆ ಬರುತ್ತವೆ. ಅಂತಹ ಚಿತ್ತವೇ ವಿಚಾರಕ್ಕೆ ಯೋಗ್ಯ. ಆದರೆ 'ನಾನು ಬ್ರಹ್ಮ' ಎಂದು ಭಾವಿಸುತ್ತ ಕುಳಿತುದರಿಂದ ಮಾತ್ರವೇ ಯಾರೂ ಬ್ರಹ್ಮವಾಗುವುದಿಲ್ಲ. ಭಾವನೆಯಿಂದ ಆದದ್ದು ಭಾವನೆ ನಿಂತೊಡನೆ ನಿಲ್ಲುತ್ತದೆ. ಶಂಕರರ ಶಿಷ್ಯರಾದ ಸುರೇಶ್ವರಾಚಾರ್ಯರು ನೈಷ್ಕರ್ಮ್ಯಸಿದ್ಧಿಯಲ್ಲಿ ಖಂಡಿಸಿರುವ ಪ್ರಸಂಖ್ಯಾನವಾದ ಇಂತಹದೇ: ವಾಕ್ಯದಿಂದ ಬಂದ ತಿಳಿವನ್ನು ಮತ್ತೆ ಮತ್ತೆ ಭಾವಿಸಿದರೆ ಮಾತ್ರ ಸಾಕ್ಷಾತ್ಕಾರವಾಗುತ್ತದೆಂಬುದು ಆ ವಾದ.

ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ

ಸಚ್ಚಿದಾನಂದೇಂದ್ರ ಸರಸ್ವತಿಗಳ ಪೂರ್ವಾಶ್ರಮದ ಹೆಸರು ಯಲ್ಲಂಬಳಸೆ ಸುಬ್ರಾಯ ಶರ್ಮ. ಜನನ 1880ರ ಜನವರಿ 5ರಂದು. ಹಾನಗಲ್ ವಿರೂಪಾಕ್ಷ ಶಾಸ್ತ್ರಿಗಳಲ್ಲಿ ಭಾಷ್ಯಪಾಠ ಹೇಳಿಸಿಕೊಂಡರು. ಮೂರು ಅವಸ್ಥೆಗಳ ಪರೀಕ್ಷೆಯೇ ವೇದಾಂತದ ತಿರುಳೆಂದು ಇಂಗ್ಲಿಷಿನಲ್ಲಿ ಬರೆದ ಕೆ. ಎ. ಕೃಷ್ಣಸ್ವಾಮಿ ಅಯ್ಯರ್ ಅವರ ಚಿಂತನೆಯೂ ಇವರ ಮೇಲೆ ಆಳವಾದ ಪ್ರಭಾವ ಬೀರಿತು. 1920ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದರು. 1937ರಲ್ಲಿ ಸಂಸ್ಥೆಯು ಹೇಮಾವತಿ ನದಿಯ ದಡದ ಹೊಳೆನರಸೀಪುರಕ್ಕೆ ಬಂದಿತು. 1948ರಲ್ಲಿ ಸಂನ್ಯಾಸ ಸ್ವೀಕರಿಸಿ, 1975ರ ಆಗಸ್ಟ್ 5ರಂದು ತಮ್ಮ ತೊಂಬತ್ತೈದನೆಯ ವಯಸ್ಸಿನಲ್ಲಿ ದೇಹತ್ಯಾಗ ಮಾಡಿದರು.

'ಕಾರ್ಯಾಲಯ' ಎಂಬ ಹೆಸರು ಗಮನಾರ್ಹ. ಮಠವೆಂದಾಗಲಿ ಪೀಠವೆಂದಾಗಲಿ ಕರೆದುಕೊಳ್ಳದ ಈ ಸಂಸ್ಥೆಯ ಮುಖ್ಯ ಕೆಲಸ ಗ್ರಂಥಪ್ರಕಟಣೆ ಮತ್ತು ಪಾಠಪ್ರವಚನ. ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳ ಶಾಂಕರಭಾಷ್ಯಗಳನ್ನು ಸ್ವಾಮಿಗಳೇ ಕನ್ನಡಕ್ಕೆ ಅನುವಾದಿಸಿದರು. ಸಂಸ್ಕೃತ ಬಾರದ ಓದುಗನೂ ಮೂಲದ ವಾದಸರಣಿಯನ್ನು ಹಂತಹಂತವಾಗಿ ಹಿಂಬಾಲಿಸುವಂತೆ ಟಿಪ್ಪಣಿಗಳನ್ನು ಬರೆದರು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಮೂರರಲ್ಲೂ ಸೇರಿ ಅವರ ಕೃತಿಗಳ ಸಂಖ್ಯೆ ಇನ್ನೂರರ ಆಸುಪಾಸಿನಲ್ಲಿದೆ. 'ಅಧ್ಯಾತ್ಮ ಪ್ರಕಾಶ' ಎಂಬ ಮಾಸಪತ್ರಿಕೆಯೂ ಕಾರ್ಯಾಲಯದಿಂದ ಹೊರಟಿತು. ಬೆಂಗಳೂರಿನ ತ್ಯಾಗರಾಜನಗರದಲ್ಲಿ ಇದರ ಶಾಖೆಯಿದೆ.

ಅವಸ್ಥಾತ್ರಯ ವಿಚಾರ

ಹೊಳೆನರಸೀಪುರದ ಸಂಪ್ರದಾಯದಲ್ಲಿ ಆತ್ಮವಿಚಾರಕ್ಕೆ ಮುಖ್ಯ ಸಾಮಗ್ರಿ ಎಚ್ಚರ, ಕನಸು, ತನಿನಿದ್ದೆ ಎಂಬ ಮೂರು ಅವಸ್ಥೆಗಳು. ಮಾಂಡೂಕ್ಯೋಪನಿಷತ್ತು ಮತ್ತು ಅದರ ಮೇಲಣ ಗೌಡಪಾದರ ಕಾರಿಕೆಗಳು ಇದಕ್ಕೆ ಆಧಾರ. ಇವು ಯಾವ ಸಾಧಕನಿಗೂ ಹೊಸದಾಗಿ ಬರಬೇಕಾದ ಅನುಭವಗಳಲ್ಲ. ಪಂಡಿತನಿಗೂ ಪಾಮರನಿಗೂ ದಿನದಿನವೂ ಆಗುತ್ತಿರುವಂಥವು. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರುವ ದರ್ಶನ, ನಾದ, ಬೆಳಕು ಮುಂತಾದವನ್ನು ಆಧಾರವಾಗಿಟ್ಟುಕೊಂಡು ತತ್ತ್ವವನ್ನು ನಿರ್ಣಯಿಸಲಾಗದು, ಎಲ್ಲರಿಗೂ ಸಮಾನವಾದ ಅನುಭವವೇ ಪ್ರಮಾಣವಾಗಬೇಕು ಎಂಬುದು ಸ್ವಾಮಿಗಳ ನಿಲುವು. ಇದನ್ನು ಅವರು ಸಾರ್ವತ್ರಿಕಾನುಭವ ಎಂದು ಕರೆದರು.

ವಿಚಾರದ ಕ್ರಮ ಸ್ಥೂಲವಾಗಿ ಹೀಗಿದೆ. ಎಚ್ಚರದಲ್ಲಿ ಒಬ್ಬನಿಗೆ ದೇಹ, ಇಂದ್ರಿಯ, ಮನಸ್ಸು, ಎದುರಿಗೆ ಪ್ರಪಂಚ ಇವೆಲ್ಲ ಇವೆ. ಕನಸಿನಲ್ಲಿ ಹಾಸಿಗೆಯ ಮೇಲೆ ಮಲಗಿದ ದೇಹದ ಅರಿವಿಲ್ಲ. ಬೇರೊಂದು ದೇಹ, ಬೇರೊಂದು ಪ್ರಪಂಚ, ಬೇರೊಂದು ಕಾಲ ತೋರುತ್ತವೆ. ತನಿನಿದ್ದೆಯಲ್ಲಿ ಎರಡು ಬಗೆಯ ಪ್ರಪಂಚವೂ ಇಲ್ಲ, ಮನಸ್ಸೂ ಇಲ್ಲ. ಆದರೂ ಎದ್ದವನು 'ನಾನು ಸುಖವಾಗಿ ನಿದ್ದೆಮಾಡಿದೆ' ಎನ್ನುತ್ತಾನೆಯೇ ಹೊರತು 'ನಾನು ಇರಲಿಲ್ಲ' ಎನ್ನುವುದಿಲ್ಲ. ಆದುದರಿಂದ ಬಂದುಹೋಗುವ ದೇಹವಾಗಲಿ ಮನಸ್ಸಾಗಲಿ 'ನಾನು' ಎಂಬುದರ ನಿಜಸ್ವರೂಪವಲ್ಲ. ಮೂರಕ್ಕೂ ಸಾಕ್ಷಿಯಾಗಿರುವ ಚೈತನ್ಯವೇ ಅದು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ನಿದ್ದೆಯಲ್ಲಿ ನನಗೆ ಏನೂ ತಿಳಿಯಲಿಲ್ಲ, ಆದುದರಿಂದ ಅಲ್ಲಿ ಚೈತನ್ಯವೇ ಇರಲಿಲ್ಲವೆಂದು ಏಕೆ ಹೇಳಬಾರದು? ಶಂಕರರ ಉಪದೇಶಸಾಹಸ್ರಿಯ ಗದ್ಯಭಾಗದಲ್ಲಿ ಶಿಷ್ಯನು ಗುರುವನ್ನು ಹೆಚ್ಚುಕಡಮೆ ಹೀಗೆಯೇ ಕೇಳುತ್ತಾನೆ. ನೀನು ಅಲ್ಲಗಳೆಯುತ್ತಿರುವುದು ಕಂಡ ವಸ್ತುವನ್ನೇ ಹೊರತು ಕಾಣುವಿಕೆಯನ್ನಲ್ಲ, ಏನೂ ಇರಲಿಲ್ಲವೆಂದು ಹೇಳುವುದಕ್ಕೂ ಆ ಕಾಣುವಿಕೆಯೇ ಬೇಕು ಎಂಬುದು ಗುರುವಿನ ಉತ್ತರದ ಸಾರ. ಈ ಸಂವಾದವನ್ನು ಓದುವವರು ಅಲ್ಲಿ ಗುರುವು ಶಿಷ್ಯನಿಗೆ ಕಣ್ಣುಮುಚ್ಚಿ ಕುಳಿತುಕೊಳ್ಳಲು ಹೇಳುವುದಿಲ್ಲವೆಂಬುದನ್ನು ಗಮನಿಸಬೇಕು. ಪ್ರಶ್ನೆ, ಉತ್ತರ, ಮರುಪ್ರಶ್ನೆಗಳಲ್ಲೇ ತಿಳಿವು ಮೂಡುತ್ತದೆ.

ಈ ಕ್ರಮದಲ್ಲಿ ಸಾಕ್ಷಿ, ಮೂರು ಅವಸ್ಥೆಗಳು ಎಂದು ಹೇಳುವುದೂ ತಾತ್ಕಾಲಿಕವೇ. ಮೊದಲು ಒಂದು ಧರ್ಮವನ್ನು ಆತ್ಮನ ಮೇಲೆ ಆರೋಪಿಸಿ ಅದಕ್ಕಿಂತ ಸ್ಥೂಲವಾದ ತಪ್ಪುತಿಳಿವಳಿಕೆಯನ್ನು ಕಳೆದು, ಅನಂತರ ಆ ಆರೋಪವನ್ನೂ ತೆಗೆದುಹಾಕುವುದಕ್ಕೆ ಅಧ್ಯಾರೋಪಾಪವಾದ ಎಂದು ಹೆಸರು. ಸಾಕ್ಷ್ಯವೇ ಇಲ್ಲವೆಂದು ತಿಳಿದಾಗ 'ಸಾಕ್ಷಿ' ಎಂಬ ಹೆಸರೂ ಬಿಟ್ಟುಹೋಗುತ್ತದೆ. ವೇದಾಂತಕ್ಕೆ ಇರುವ ಏಕಮಾತ್ರ ಪ್ರಕ್ರಿಯೆ ಇದೇ ಎಂಬುದನ್ನು ಸ್ವಾಮಿಗಳು 1964ರಲ್ಲಿ ಪ್ರಕಟವಾದ 'ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ' ಎಂಬ ಸಂಸ್ಕೃತ ಗ್ರಂಥದಲ್ಲಿ ಗೌಡಪಾದರಿಂದ ಹಿಡಿದು ಈಚಿನ ವ್ಯಾಖ್ಯಾನಕಾರರವರೆಗೆ ಒಬ್ಬೊಬ್ಬರನ್ನಾಗಿ ಪರಿಶೀಲಿಸಿ ಪ್ರತಿಪಾದಿಸಿದ್ದಾರೆ. ಎ. ಜೆ. ಆಲ್‌ಸ್ಟನ್ ಮಾಡಿದ ಅದರ ಇಂಗ್ಲಿಷ್ ಅನುವಾದ 1989ರಲ್ಲಿ ಹೊರಬಂದಿತು.

ಮೂಲಾವಿದ್ಯೆಯ ವಿವಾದ

ಸುಬ್ರಾಯ ಶರ್ಮರು ಸಂನ್ಯಾಸಕ್ಕೆ ಮುಂಚೆಯೇ, 1929ರಲ್ಲಿ, 'ಮೂಲಾವಿದ್ಯಾನಿರಾಸ' ಎಂಬ ಸಂಸ್ಕೃತ ಗ್ರಂಥವನ್ನು ಪ್ರಕಟಿಸಿದರು. ಅದರ ವಿಷಯ ಮೇಲುನೋಟಕ್ಕೆ ಪಂಡಿತರ ಸೂಕ್ಷ್ಮಚರ್ಚೆಯಂತೆ ಕಾಣುತ್ತದೆ. ಆದರೆ ಧ್ಯಾನದಿಂದ ಮೋಕ್ಷವೋ ವಿಚಾರದಿಂದ ಮೋಕ್ಷವೋ ಎಂಬ ಪ್ರಶ್ನೆ ಇದರೊಡನೆ ನೇರವಾಗಿ ಹೆಣೆದುಕೊಂಡಿದೆ.

ಪಂಚಪಾದಿಕೆ ಮತ್ತು ಅದರ ಮೇಲೆ ಪ್ರಕಾಶಾತ್ಮರು ಬರೆದ ವಿವರಣದ ಪ್ರಸ್ಥಾನದಲ್ಲಿ ಅವಿದ್ಯೆಯು ಕೇವಲ ತಿಳಿವಳಿಕೆಯ ಅಭಾವವಲ್ಲ. ಜಗತ್ತಿಗೂ ಭ್ರಾಂತಿಗೂ ಉಪಾದಾನವಾದ, ಭಾವರೂಪವಾದ ಒಂದು ಶಕ್ತಿ. ಅದು ತನಿನಿದ್ದೆಯಲ್ಲಿಯೂ ಬೀಜರೂಪದಿಂದ ಇರುತ್ತದೆ, ಆದುದರಿಂದಲೇ ನಿದ್ದೆಮಾಡಿದವನು ಮತ್ತೆ ಸಂಸಾರಕ್ಕೆ ಎಚ್ಚರಗೊಳ್ಳುತ್ತಾನೆ ಎಂದು ಅವರ ಮತ. ಸುಬ್ರಾಯ ಶರ್ಮರು ಇದನ್ನು ಒಪ್ಪಲಿಲ್ಲ. ಶಂಕರರು ಸೂತ್ರಭಾಷ್ಯದ ಆರಂಭದಲ್ಲಿಯೇ ಆತ್ಮ ಅನಾತ್ಮಗಳನ್ನು ಒಂದರಲ್ಲೊಂದು ಬೆರಸಿಕೊಳ್ಳುವ ಅಧ್ಯಾಸವನ್ನೇ ಅವಿದ್ಯೆಯೆಂದು ಹೇಳಿದ್ದಾರೆ, ಅಧ್ಯಾಸವೆಂದರೆ ಬುದ್ಧಿಯ ತಪ್ಪು, ಅದಕ್ಕೆ ಹಿನ್ನೆಲೆಯಾಗಿ ಇನ್ನೊಂದು ದ್ರವ್ಯವನ್ನು ಕಲ್ಪಿಸುವುದಕ್ಕೆ ಭಾಷ್ಯದಲ್ಲಾಗಲಿ ಅನುಭವದಲ್ಲಾಗಲಿ ಆಧಾರವಿಲ್ಲ ಎಂದು ವಾದಿಸಿದರು.

ಸಾಧಕನಿಗೆ ಇದರಿಂದ ಆಗುವುದೇನು? ನಿದ್ದೆಯಲ್ಲಿ ಅವಿದ್ಯೆ ಕವಿದಿದ್ದರೆ ನಿದ್ದೆಯ ಅನುಭವವು ಶುದ್ಧಾತ್ಮನಿಗೆ ಸಾಕ್ಷ್ಯವಾಗಲಾರದು. ಆಗ ಅವಿದ್ಯೆಯೂ ಮನಸ್ಸೂ ಎರಡೂ ಇಲ್ಲದ ಬೇರೊಂದು ಅವಸ್ಥೆಯನ್ನು, ಎಂದರೆ ನಿರ್ವಿಕಲ್ಪ ಸಮಾಧಿಯನ್ನು, ಪ್ರಯತ್ನದಿಂದ ಪಡೆಯಬೇಕೆಂಬ ಎಣಿಕೆಗೆ ಬಲ ಬರುತ್ತದೆ. ಅದು ಕೆಲವೇ ಯೋಗಿಗಳಿಗೆ ಸಾಧ್ಯವಾದೀತು. ಅವಿದ್ಯೆಯು ಬರಿಯ ತಪ್ಪುತಿಳಿವಳಿಕೆಯಾಗಿದ್ದರೆ, ಹಗ್ಗವನ್ನು ಹಗ್ಗವೆಂದು ಅರಿತೊಡನೆ ಹಾವು ಹೋಗುವಂತೆ, ಸರಿಯಾದ ತಿಳಿವಳಿಕೆಯಿಂದಲೇ ಅದು ತೊಲಗುತ್ತದೆ. ಅದಕ್ಕೆ ಬೇಕಾದ ಅನುಭವವಂತೂ ಎಲ್ಲರ ಕೈಯಲ್ಲಿಯೇ ಇದೆ. ಗ್ರಂಥವು ಹೊರಬಂದಮೇಲೆ ಸಂಪ್ರದಾಯಸ್ಥ ಪಂಡಿತರಿಂದ ತೀವ್ರವಾದ ವಿರೋಧ ವ್ಯಕ್ತವಾಯಿತು. ಗೌಡಪಾದಕಾರಿಕೆಯ ಮೊದಲ ಪ್ರಕರಣದಲ್ಲಿ ನಿದ್ದೆಯನ್ನು ಬೀಜವೆಂದೇ ಹೇಳಿದೆಯಲ್ಲ, ಭಾಷ್ಯವೂ ಹಾಗೆಯೇ ವಿವರಿಸಿದೆಯಲ್ಲ ಎಂಬುದು ಅವರ ಬಲವಾದ ಆಕ್ಷೇಪ. ಎಚ್ಚರದ ದೃಷ್ಟಿಯಿಂದ ನಿದ್ದೆಯನ್ನು ನೋಡಿ ಹಾಗೆ ಆರೋಪಿಸಲಾಗಿದೆ, ನಿದ್ದೆಯನ್ನು ಅದರ ಸ್ವಂತ ದೃಷ್ಟಿಯಿಂದ ನೋಡಿದರೆ ಅಲ್ಲಿ ಬೀಜವೂ ಇಲ್ಲ, ಆವರಣವೂ ಇಲ್ಲ ಎಂದು ಸ್ವಾಮಿಗಳು ಸಮಾಧಾನ ಹೇಳಿದರು. ಈ ಚರ್ಚೆ ಇಂದಿಗೂ ಮುಗಿದಿಲ್ಲ. ಶಂಕರರನ್ನು ವ್ಯಾಖ್ಯಾನಕಾರರ ಮೂಲಕ ಓದಬೇಕೋ ವ್ಯಾಖ್ಯಾನಗಳನ್ನು ಬದಿಗಿಟ್ಟು ಭಾಷ್ಯವನ್ನೇ ಓದಬೇಕೋ ಎಂಬ ಪ್ರಶ್ನೆಯಾಗಿ ಅದು ವಿದ್ವಾಂಸರಲ್ಲಿ ಮುಂದುವರಿದಿದೆ.

ನಿದಿಧ್ಯಾಸನದ ಸ್ಥಾನ

ವಿಚಾರದಿಂದಲೇ ಜ್ಞಾನವಾಗುವುದಾದರೆ ನಿದಿಧ್ಯಾಸನವೇಕೆ? ಭಾಮತೀ ಪ್ರಸ್ಥಾನದವರು ಶ್ರವಣಮನನಗಳಿಂದ ಪರೋಕ್ಷಜ್ಞಾನವೂ ಧ್ಯಾನದಿಂದ ಸಂಸ್ಕಾರಗೊಂಡ ಮನಸ್ಸಿನಿಂದ ಅಪರೋಕ್ಷಜ್ಞಾನವೂ ಆಗುತ್ತದೆಂದರು. ವಿವರಣದವರು ಶ್ರವಣವೇ ಪ್ರಧಾನ, ಉಳಿದೆರಡು ಅದರ ಅಂಗ ಎಂದರು. ಶೃಂಗೇರಿಯ ವಿದ್ಯಾರಣ್ಯರ ಹೆಸರಿನಲ್ಲಿರುವ ಪಂಚದಶಿಯ ಒಂಬತ್ತನೆಯ ಪ್ರಕರಣವಾದ ಧ್ಯಾನದೀಪವು, ವಿಚಾರಮಾಡುವ ಸಾಮರ್ಥ್ಯವಿಲ್ಲದವರಿಗೆ ನಿರ್ಗುಣಬ್ರಹ್ಮದ ಉಪಾಸನೆಯನ್ನೂ ಒಂದು ದಾರಿಯಾಗಿ ಒಪ್ಪುತ್ತದೆ. ರತ್ನದ ಹೊಳಪನ್ನೇ ರತ್ನವೆಂದು ಭ್ರಮಿಸಿ ಓಡಿದವನಿಗೂ ಕೊನೆಗೆ ರತ್ನ ಸಿಕ್ಕುವಂತೆ ಎಂಬುದು ಅಲ್ಲಿಯ ದೃಷ್ಟಾಂತ.

ಹೊಳೆನರಸೀಪುರದ ವ್ಯಾಖ್ಯಾನದಲ್ಲಿ ನಿದಿಧ್ಯಾಸನವು ಉಪಾಸನೆಯಲ್ಲ. ಉಪಾಸನೆಯಲ್ಲಿ ಇಲ್ಲದ ರೂಪವನ್ನೂ ಭಾವಿಸಬಹುದು. ನಿದಿಧ್ಯಾಸನದಲ್ಲಿ ಇರುವ ವಸ್ತುವಿನ ಕಡೆಗೇ ಮನಸ್ಸನ್ನು ತಿರುಗಿಸಿ ಅದು ಹೇಗಿದೆಯೋ ಹಾಗೆ ಕಾಣುವವರೆಗೆ ನೋಡಬೇಕು. ರತ್ನಪರೀಕ್ಷಕನು ಕಲ್ಲನ್ನು ತಿರುತಿರುಗಿಸಿ ನೋಡುವುದು ಕಲ್ಲನ್ನು ರತ್ನವಾಗಿ ಮಾಡುವುದಕ್ಕಲ್ಲವಷ್ಟೆ. ಕಠೋಪನಿಷತ್ತು ಇದನ್ನೇ ಅಧ್ಯಾತ್ಮಯೋಗವೆಂದು ಕರೆದು, ಮಾತನ್ನು ಮನಸ್ಸಿನಲ್ಲಿ, ಮನಸ್ಸನ್ನು ಬುದ್ಧಿಯಲ್ಲಿ, ಬುದ್ಧಿಯನ್ನು ಮಹತ್ತಿನಲ್ಲಿ, ಅದನ್ನು ಶಾಂತನಾದ ಆತ್ಮನಲ್ಲಿ ಅಡಗಿಸುವ ಮೆಟ್ಟಿಲುಗಳನ್ನು ಹೇಳುತ್ತದೆ. ಉತ್ತಮಾಧಿಕಾರಿಗೆ ಒಮ್ಮೆ ಕೇಳಿದರೆ ಸಾಕು. ಸಂಶಯ, ವಿಪರೀತಜ್ಞಾನಗಳು ಅಡ್ಡಬರುವವರಿಗೆ ಆವೃತ್ತಿ ಬೇಕೆಂದು ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದ ಭಾಷ್ಯದಲ್ಲಿಯೇ ಇದೆ. ಛಾಂದೋಗ್ಯದಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಒಂದೇ ತತ್ತ್ವವನ್ನು ಒಂಬತ್ತು ಸಲ ಹೇಳುವುದು ಇದಕ್ಕೆ ಉದಾಹರಣೆ.

ಮನೋನಿಗ್ರಹದ ಬಗೆಗೆ ಗೌಡಪಾದರ ಮಾತು ಕಟ್ಟುನಿಟ್ಟಾಗಿದೆ. ಹುಲ್ಲುಕಡ್ಡಿಯ ತುದಿಯಿಂದ ಹನಿಹನಿಯಾಗಿ ಕಡಲನ್ನು ಬತ್ತಿಸಹೊರಟವನ ತಾಳ್ಮೆ ಅದಕ್ಕೆ ಬೇಕೆನ್ನುತ್ತಾರೆ. ಧ್ಯಾನದಲ್ಲಿ ಮನಸ್ಸು ತೂಕಡಿಕೆಗೆ ಜಾರಿದರೆ ಎಬ್ಬಿಸಬೇಕು, ಚೆದರಿದರೆ ಶಾಂತಗೊಳಿಸಬೇಕು. ವಿಚಾರದಿಂದ ಅಡಗಿದ ಮನಸ್ಸು ಬೇರೆ, ನಿದ್ದೆಯಲ್ಲಿ ಲಯವಾದ ಮನಸ್ಸು ಬೇರೆ. ಮನಸ್ಸೆಂಬುದೇ ಆತ್ಮನಲ್ಲಿ ಕಲ್ಪಿತವೆಂದು ಕಂಡವರಿಗೆ ಶಾಂತಿಯು ಸಹಜವಾಗಿಯೇ ಇರುತ್ತದೆ, ಮನಸ್ಸನ್ನು ಬೇರೆಯೆಂದು ತಿಳಿದ ಮಂದ, ಮಧ್ಯಮ ದೃಷ್ಟಿಯ ಯೋಗಿಗಳಿಗೇ ಈ ನಿಗ್ರಹ ಎಂದು ಭಾಷ್ಯವು ವಿವರಿಸುತ್ತದೆ.

ವಿಚಾರವು ಸುಲಭವೆಂಬ ಭಾವನೆ ಇದರಿಂದ ಹುಟ್ಟಬಾರದು. ನಿತ್ಯಾನಿತ್ಯ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ಸಾಧನಚತುಷ್ಟಯವನ್ನು ಭಾಷ್ಯಕಾರರು ಪೂರ್ವಸಿದ್ಧತೆಯಾಗಿ ಹೇಳಿದ್ದಾರೆ. ಇವಿಲ್ಲದೆ ಮಾಡಿದ ಅವಸ್ಥಾತ್ರಯ ವಿಚಾರವು ಒಂದು ಸೊಗಸಾದ ತರ್ಕವಾಗಿಯೇ ಉಳಿದುಬಿಡುವುದುಂಟು. ಕರ್ಮಯೋಗ, ಉಪಾಸನೆಗಳಿಗೆ ಈ ಸಂಪ್ರದಾಯದಲ್ಲಿ ಇರುವ ಬೆಲೆ ಈ ಸಿದ್ಧತೆಯ ಮಟ್ಟದಲ್ಲಿಯೇ.

ಜೈನ ಪರಂಪರೆಯಲ್ಲಿ

ಹಾಸನ ಜಿಲ್ಲೆಯಲ್ಲಿಯೇ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಇದೇ ಪ್ರಶ್ನೆಯನ್ನು ಬೇರೊಂದು ದರ್ಶನದ ನೆಲೆಯಿಂದ ಕಾಣಬಹುದು. ಕ್ರಿ.ಶ. 981ರ ಸುಮಾರಿಗೆ ಗಂಗರ ಮಂತ್ರಿ ಚಾವುಂಡರಾಯನು ಮಾಡಿಸಿದ, ಸುಮಾರು 57 ಅಡಿ ಎತ್ತರದ ಗೊಮ್ಮಟೇಶ್ವರನ ವಿಗ್ರಹವು ಕಾಯೋತ್ಸರ್ಗ ಭಂಗಿಯಲ್ಲಿದೆ. ಕಾಯೋತ್ಸರ್ಗವೆಂದರೆ ದೇಹದಲ್ಲಿರುವ ಮಮತೆಯನ್ನು ಬಿಟ್ಟು ನಿಲ್ಲುವ ಧ್ಯಾನ. ಕಾಲುತೋಳುಗಳಿಗೆ ಹಬ್ಬಿದ ಬಳ್ಳಿಗಳು ಅಲ್ಲಾಡದೆ ನಿಂತ ಕಾಲದ ದೀರ್ಘತೆಯನ್ನು ಸೂಚಿಸುತ್ತವೆ.

ಬಾಹುಬಲಿಯ ಕಥೆಯಲ್ಲಿ ಒಂದು ವರ್ಷದ ಅಂತಹ ಧ್ಯಾನದಿಂದಲೂ ಕೇವಲಜ್ಞಾನ ಬರಲಿಲ್ಲ. ತಾನು ನಿಂತಿರುವುದು ಅಣ್ಣನಾದ ಭರತನ ನೆಲದಲ್ಲಿ ಎಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತೆಂದು ಕನ್ನಡನಾಡಿನಲ್ಲಿ ಹೇಳುತ್ತಾರೆ. ಭರತನೇ ಬಂದು ನಮಸ್ಕರಿಸಿದಾಗ ಅದು ಕಳೆಯಿತು. ಶ್ವೇತಾಂಬರರ ಕಥೆಯಲ್ಲಿ ಸೋದರಿಯರಾದ ಬ್ರಾಹ್ಮಿ, ಸುಂದರಿಯರು ಬಂದು ಆನೆಯಿಂದ ಇಳಿ ಎನ್ನುತ್ತಾರೆ. ನೆಲದ ಮೇಲೆಯೇ ನಿಂತ ಬಾಹುಬಲಿ ಆ ಆನೆ ಯಾವುದೆಂದು ಯೋಚಿಸಿ ತನ್ನ ಅಹಂಕಾರವನ್ನು ಕಂಡುಕೊಳ್ಳುತ್ತಾನೆ. ದೇಹ ಅಲುಗಾಡದಿದ್ದರೂ ಒಳಗಿನ ತಪ್ಪು ಹಾಗೆಯೇ ಉಳಿಯಬಹುದೆಂಬುದನ್ನು ಎರಡು ಪಾಠಗಳೂ ಒಪ್ಪುತ್ತವೆ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಅಗಲಿಕೆಯ ಕೊರಗಿನಲ್ಲಿ ಮುಳುಗುವುದೂ ಹಿಂಸೆಯ ಎಣಿಕೆಯಲ್ಲಿ ಮುಳುಗುವುದೂ ಧ್ಯಾನವೇ, ಆದರೆ ಅವು ಬಂಧಕ. ಕೊನೆಯ ಎರಡು ಮಾತ್ರ ಮೋಕ್ಷಕ್ಕೆ ಹೇತು. ಏಕಾಗ್ರತೆಯೊಂದೇ ಶ್ರೇಯಸ್ಸಲ್ಲವೆಂಬುದನ್ನು ಇಷ್ಟು ನೇರವಾಗಿ ಹೇಳಿದ ವಿಭಾಗಕ್ರಮ ಅಪರೂಪ. ಅತ್ಯುತ್ತಮ ದೇಹಬಲವುಳ್ಳವನಿಗೂ ಒಂದೇ ವಿಷಯದ ಧ್ಯಾನ ಅಂತರ್ಮುಹೂರ್ತವನ್ನು, ಎಂದರೆ 48 ನಿಮಿಷಗಳ ಒಳಗಿನ ಅವಧಿಯನ್ನು, ಮೀರುವುದಿಲ್ಲವೆಂದೂ ಅಲ್ಲಿ ಹೇಳಿದೆ. ಆತ್ಮಾವಲೋಕನಕ್ಕೆ ಪ್ರತ್ಯೇಕವಾಗಿ ಅನಿತ್ಯ, ಅಶರಣ, ಏಕತ್ವ ಮೊದಲಾದ ಹನ್ನೆರಡು ಅನುಪ್ರೇಕ್ಷೆಗಳೂ, ಮಾಡಿದ ದೋಷಗಳನ್ನು ನೆನೆದು ಹಿಂದಿರುಗುವ ಪ್ರತಿಕ್ರಮಣವೂ ಇವೆ. ಶ್ರಾವಕರು ಮನೆಯಲ್ಲಿ ಮಾಡುವ ಸಾಮಾಯಿಕದ ಅವಧಿ ಸಾಂಪ್ರದಾಯಿಕವಾಗಿ ಒಂದು ಮುಹೂರ್ತ, ಎಂದರೆ 48 ನಿಮಿಷ.